ಅತ್ತೆಯ ಹೆಸರೂ ನನ್ನ ಹೆಸರೂ

ಮದುವೆಯಾದಾಗ ನನಗೆ ಹದಿನೈದು ವರ್ಷ. ಶಿವಮೊಗ್ಗದ ಪೇಟೆಯಲ್ಲಿ ಅಪ್ಪನದೊಂದು ಸಣ್ಣ ಜವಳಿ ಅಂಗಡಿ. ಗಂಡನ ಮನೆ ಭದ್ರಾವತಿ. ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಎರಡು ಊರಿನ ನಡುವೆ ರೈಲಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಅಷ್ಟು ದಾರಿ ದಾಟುವಷ್ಟರಲ್ಲಿ ನನ್ನ ಹೆಸರು ಹೋಯಿತು.

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ಇಲ್ಲಿ ಬರುವವರ ಮಕ್ಕಳು, ಮೊಮ್ಮಕ್ಕಳು ಈಗಲೂ ಈ ಎರಡೂ ಊರುಗಳಲ್ಲಿದ್ದಾರೆ. ನನ್ನದು ಒಂದು ನದಿಯ ಹೆಸರು, ತೊಟ್ಟಿಲಿಗೆ ಹಾಕಿದ ದಿನ ಅಜ್ಜಿ ಇಟ್ಟದ್ದು. ಇಷ್ಟು ಗೊತ್ತಿದ್ದರೆ ಓದುವವರಿಗೆ ಸಾಕು.

ಗಂಡನ ಮನೆ ಸೇರಿದ ದಿನ ನಡುಮನೆಯಲ್ಲಿ ಚಾಪೆ ಹಾಸಿ ನನ್ನನ್ನು ಕೂರಿಸಿದ್ದರು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಹಾಗಾಗಿ ಅತ್ತೆ ಮುಂದೆ ಬರದೆ ಬಾಗಿಲ ಮರೆಯಲ್ಲಿ ನಿಂತಿದ್ದರು. ಮಡಿಲು ತುಂಬಿದವರು ನನ್ನ ಗಂಡನ ಸೋದರತ್ತೆ. ತೆಂಗಿನಕಾಯಿ, ಅಕ್ಕಿ, ಬೆಲ್ಲ ಎಲ್ಲ ಹಾಕಿದ ಮೇಲೆ ಅವರು ಕೂತಿದ್ದ ಹೆಂಗಸರ ಕಡೆ ತಿರುಗಿ ಕೇಳಿದರು.

"ಅಲ್ಲ ಮಾರಾಯ್ತಿ, ಅತ್ತೆದೂ ಸೊಸೆದೂ ಒಂದೇ ಹೆಸರಾದ್ರೆ ಹೆಂಗೆ? ನಾಳೆ ಇವನು ಹೆಂಡ್ತೀನ ಕರೆದ್ರೆ ಹೆತ್ತ ತಾಯಿ ಹೆಸರು ಹಿಡಿದು ಕೂಗಿದಂಗಾಗಲ್ವಾ? ಅತ್ತೆ ಸೊಸೇನ ಬೈದ್ರೆ ತನಗೆ ತಾನೇ ಬೈಕೊಂಡಂಗಾಗುತ್ತೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ತಮಾಷೆಯ ಮಾತು ಎಂದುಕೊಂಡಿದ್ದೆ. ಆಮೇಲೆ ಆಕೆ ನನ್ನ ತಲೆಯನ್ನು ತಮ್ಮ ಕಡೆ ಎಳೆದುಕೊಂಡು ಕಿವಿಯಲ್ಲಿ ಮೂರು ಸಲ ಬೇರೊಂದು ಹೆಸರು ಕೂಗಿದರು. ಯಾವುದೋ ದೇವಿಯ ಹೆಸರು, ಒಳ್ಳೆಯ ಹೆಸರೇ. ನನ್ನ ಜೊತೆಗೆ ಬಂದಿದ್ದ ಅಮ್ಮ ಎದುರಿನ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಖ ನೋಡಿದಾಗಲೇ ಇದು ತಮಾಷೆಯಲ್ಲ ಎಂದು ಗೊತ್ತಾದದ್ದು.

ಹೊಸ ಹೆಸರು ನನಗೆ ಅಂಟಲಿಲ್ಲ. ಬೇಕೆಂದೇ ಮಾಡಿದ ಹಟವೇನಲ್ಲ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅತ್ತೆ ಒಳಗಿನಿಂದ ಕರೆಯುತ್ತಿದ್ದರು. ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ನಾನು ನನ್ನ ಪಾಡಿಗೆ ಬೂದಿ ಉಜ್ಜುತ್ತಿದ್ದೆ. ಹೀಗೇ ಎರಡು ಸಲ ಹಾಲು ಉಕ್ಕಿ ಒಲೆಗೆ ಸುರಿಯಿತು. ಸೊಸೆಗೆ ಕಿವಿ ಮಂದ ಎಂದು ಅತ್ತೆಗೆ ಖಾತ್ರಿಯಾಯಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಎಂಟು ದಿನ ಬಿಡದೆ ನನ್ನ ಎರಡೂ ಕಿವಿಗೆ ಬಿಟ್ಟರು. ಒಂಬತ್ತನೆಯ ದಿನ ನನ್ನ ಗಂಡ, ತಮ್ಮ ತಾಯಿಯ ಎದುರಿಗೆ ಎಂದೂ ನನ್ನ ಪರ ಮಾತಾಡದವರು, ಮೆಲ್ಲಗೆ ಹೇಳಿದರು.

"ಅಮ್ಮ, ಅವಳಿಗೆ ಕಿವಿ ಚೆನ್ನಾಗೇ ಕೇಳುತ್ತೆ. ಹೆಸರು ಅಭ್ಯಾಸ ಇಲ್ಲ, ಅಷ್ಟೇ."

ಅತ್ತೆ ಎಣ್ಣೆಯ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಮಾರನೆಯ ದಿನದಿಂದ ಎಣ್ಣೆ ನಿಂತಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಶಿವಮೊಗ್ಗಕ್ಕೆ ಹೋದಾಗ ಅಮ್ಮ ಬಾಗಿಲಲ್ಲೇ ನನ್ನ ಹಳೆಯ ಹೆಸರು ಹಿಡಿದು ಕರೆಯುತ್ತಿದ್ದಳು. ತವರಿನ ಊಟಕ್ಕಿಂತ ಆ ಕೂಗಿಗಾಗಿಯೇ ನಾನು ಹೋಗುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಭದ್ರಾವತಿಗೆ ಹಿಂತಿರುಗಿದ ಮೇಲೆ ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು. ಯಾವ ಹೆಸರಿನ ಮರ್ಯಾದೆಗಾಗಿ ನನ್ನದನ್ನು ತೆಗೆದರೋ ಆ ಹೆಸರನ್ನು ಆ ಮನೆಯಲ್ಲಿ ಯಾರೂ ಆಡುತ್ತಲೇ ಇರಲಿಲ್ಲ. ಮಗನಿಗೆ ಆಕೆ ಅಮ್ಮ, ನನಗೆ ಅತ್ತೆ, ಬೀದಿಯವರಿಗೆ ದೊಡ್ಡಮ್ಮ.

ನಮ್ಮ ಮನೆ ಇದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಒಂದು ಸಾಲಿಗೆ ಒಂದೇ ನಲ್ಲಿ. ಬೆಳಿಗ್ಗೆ ಕಾರ್ಖಾನೆಯ ಕೂಗು ಆಗಿ ಗಂಡಸರು ಹೊರಟ ಮೇಲೆ ನಲ್ಲಿಯ ಹತ್ತಿರ ಕೊಡಗಳೂ ಹೆಂಗಸರೂ ಸಾಲುಗಟ್ಟುತ್ತಿದ್ದರು. ಅಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ಒಬ್ಬಳು ಮೋಲ್ಡರ್ ಹೆಂಡತಿ, ಒಬ್ಬಳು ಕಡೇ ಮನೆಯವಳು, ಇನ್ನೊಬ್ಬಳು ಅವಳಿ ಮಕ್ಕಳ ತಾಯಿ. ಗಂಡನ ಹೆಸರು ಕೇಳಿದರಂತೂ ಎಲ್ಲರೂ ಸೆರಗು ಕಚ್ಚಿಕೊಳ್ಳುವವರೇ. ಹೆಸರಿನ ವಿಷಯ ಮೊದಲು ಎತ್ತಿದವಳು ನಾನೇ. ನನ್ನದನ್ನು ಬದಲಾಯಿಸಿದ ಕತೆ ಹೇಳಿದೆ.

ಬಲಗಡೆ ಮನೆಯ ತಮಿಳಮ್ಮ ತಮ್ಮ ಕಡೆಯ ಪದ್ಧತಿ ಹೇಳಿದಳು. ಅವರಲ್ಲಿ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲ ಅಕ್ಷರ. ಮದುವೆಯಾದ ಮೇಲೆ ಅಕ್ಷರ ಗಂಡನದು, ಹೆಸರು ಮಾತ್ರ ಹಳೆಯದೇ. ಎಡಗಡೆ ಮನೆಯ ತೆಲುಗಿನವಳು ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಹೇಳಿದಳು: "ನಮ್ಮಲ್ಲಿ ಮನೆ ಹೆಸರು ಮುಂದೆ ಬರುತ್ತೆ. ಮದುವೆ ಆದಾಗ ಆ ಮನೆ ಹೆಸರು ಹೋಗಿ ಈ ಮನೆ ಹೆಸರು ಬಂತು. ನನ್ನ ಹೆಸರು ನಂದೇ. ಅದನ್ನ ಯಾರು ಮುಟ್ತಾರೆ?" ಮಲಯಾಳದ ಕಡೆಯಿಂದ ಬಂದ ಕಾಂಪೌಂಡರರ ಹೆಂಡತಿ, ತಮ್ಮಲ್ಲಿ ಮಕ್ಕಳಿಗೆ ತಾಯಿಯ ಮನೆತನದ ಹೆಸರು ಬರುತ್ತದೆ ಎಂದಾಗ ಯಾರೂ ನಂಬಲಿಲ್ಲ. ಯಂತ್ರ ಜೋಡಿಸಲು ಬಂದಿದ್ದ ಒಬ್ಬ ವಿಲಾಯತಿ ಎಂಜಿನಿಯರ ಮನೆಯಲ್ಲಿ ಅಡಿಗೆ ಮಾಡುತ್ತಿದ್ದವನ ಹೆಂಡತಿ ಎಲ್ಲರನ್ನೂ ಮೀರಿಸಿದಳು.

"ಅವರ ಮನೆತನದ ಹೆಸರು ಕೊನೇಲಿ ಬರುತ್ತಂತೆ ಕಣ್ರಮ್ಮ. ಗಂಡಂದೇ ಹೆಂಡ್ತಿಗೂ. ಆದ್ರೆ ದೊರೆಸಾನಿ ಗಂಡನ್ನ ಎಲ್ಲರ ಎದುರಿಗೆ ಹೆಸರು ಹಿಡಿದೇ ಕೂಗ್ತಾರೆ!"

ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕು ನಕ್ಕು ಸಾಕಾದರು. ಯಾರದೋ ಕೊಡ ತುಂಬಿ ಚೆಲ್ಲಿದ್ದೂ ಗೊತ್ತಾಗಲಿಲ್ಲ. ನಾನು ಮಾತ್ರ ಮನೆಗೆ ಬಂದು ಯೋಚಿಸುತ್ತ ಕೂತೆ. ಹೊಸ್ತಿಲು ದಾಟುವಾಗ ಎಲ್ಲ ದೇಶದ ಹೆಂಗಸರೂ ಹೆಸರಿನ ಮುಂದಿನದನ್ನೋ ಹಿಂದಿನದನ್ನೋ ಬಿಟ್ಟುಬಂದಿದ್ದರು. ನಡುವಿನದನ್ನೇ ಬಿಟ್ಟುಬಂದವಳು ಆ ಸಾಲಿನಲ್ಲಿ ನಾನೊಬ್ಬಳೇ ಅಂತ ಆಗ ಅನ್ನಿಸಿತ್ತು.

ಅದಾಗಿ ನಾಲ್ಕೈದು ವರ್ಷ ಕಳೆಯಿತು. ಕಾಗದದ ಕಾರ್ಖಾನೆ ಬಂತು. ಊರಿಗೆ ಹೊಸ ಹೊಸ ಸಂಸಾರಗಳು ಬಂದವು. ತಮಿಳಮ್ಮನ ಇಬ್ಬರು ಹೆಣ್ಣುಮಕ್ಕಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಮರಳು ಹರವಿ ಅವರಿಗೆ ತಿದ್ದಿಸತೊಡಗಿದೆ. ಇಬ್ಬರು ನಾಲ್ವರಾದರು, ನಾಲ್ವರು ಹನ್ನೆರಡಾದರು. ಒಂದು ದಿನ ಹುಡುಗಿಯರ ಶಾಲೆಯ ಹೆಡ್‌ಮಿಸ್ಟ್ರೆಸ್ಸು ದಾರಿಯಲ್ಲಿ ಹೋಗುತ್ತ ನಿಂತು ನೋಡಿದರು. ಮೈಸೂರು ಕಡೆಯವರು, ಬಿಳಿ ಸೀರೆ, ಕೈಯಲ್ಲಿ ಯಾವಾಗಲೂ ಕೊಡೆ.

"ನೀವು ಎಷ್ಟರವರೆಗೆ ಓದಿದ್ದೀರಿ?"

"ಲೋಯರ್ ಸೆಕೆಂಡರಿ ಪಾಸಾಗಿದೀನಿ. ಶಿವಮೊಗ್ಗದಲ್ಲಿ."

"ಸರ್ಟಿಫಿಕೇಟು ಇದೆಯಾ?"

"ಅಪ್ಪನ ಮನೆ ಟ್ರಂಕಿನಲ್ಲಿದೆ."

"ಮತ್ತೆ ಇಲ್ಲಿ ಮರಳಲ್ಲಿ ಯಾಕೆ ಕೂತಿದ್ದೀರಿ? ನಮ್ಮಲ್ಲಿ ಮಕ್ಕಳು ತುಂಬಿ ತುಳುಕ್ತಿದ್ದಾರೆ, ಪಾಠ ಹೇಳೋಕೆ ಹೆಣ್ಣು ಮೇಷ್ಟ್ರು ಒಬ್ಬರೂ ಸಿಕ್ತಿಲ್ಲ. ಅರ್ಜಿ ಹಾಕಿ."

ಸಂಜೆ ಗಂಡನಿಗೆ ಹೇಳಿದೆ. ಅವರು ಕೈಯ ಎಣ್ಣೆ ಮಸಿ ತೊಳೆಯುತ್ತಲೇ ಕೇಳಿದರು: "ಹೋಗ್ತೀಯಾ?"

"ಹೋಗ್ತೀನಿ."

ಒಳಗಿನಿಂದ ಅತ್ತೆಯ ದನಿ ಬಂತು. "ಅಡಿಗೆ ಮುಗಿಸಿ ಹೋಗೋದಾದ್ರೆ ಹೋಗ್ಲಿ."

ಅರ್ಜಿ ಶಿವಮೊಗ್ಗದ ವಿದ್ಯಾ ಇಲಾಖೆಯ ಕಚೇರಿಗೆ ಹೋಯಿತು. ಹದಿನೈದು ದಿನಕ್ಕೆ ವಾಪಸು ಬಂತು. ಅರ್ಜಿದಾರಳ ಹೆಸರಿಗೂ ಸರ್ಟಿಫಿಕೇಟಿನಲ್ಲಿರುವ ಹೆಸರಿಗೂ ತಾಳೆಯಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ತಾಳೆಯಾಗುವುದಾದರೂ ಹೇಗೆ? ಸರ್ಟಿಫಿಕೇಟಿನಲ್ಲಿ ಶಿವಮೊಗ್ಗದ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ನನ್ನ ನದಿ. ಅರ್ಜಿಯಲ್ಲಿ ಭದ್ರಾವತಿಯ ಅಕ್ಷರ, ಗಂಡನ ಅಕ್ಷರ, ಆಮೇಲೆ ದೇವಿ. ಆ ಎರಡು ಕಾಗದ ಪಕ್ಕದಲ್ಲಿಟ್ಟು ನೋಡಿದರೆ ನನಗೇ ಇಬ್ಬರು ಹೆಂಗಸರು ಕಾಣುತ್ತಿದ್ದರು. ಒಬ್ಬಳಿಗೆ ಓದು ಇದೆ, ಸಂಸಾರವಿಲ್ಲ. ಇನ್ನೊಬ್ಬಳಿಗೆ ಸಂಸಾರವಿದೆ, ಓದು ಇಲ್ಲ.

ಹೆಡ್‌ಮಿಸ್ಟ್ರೆಸ್ಸು ತಾವೇ ಶಿವಮೊಗ್ಗಕ್ಕೆ ಹೋಗಿ ವಿಚಾರಿಸಿಕೊಂಡು ಬಂದರು. ಎರಡು ದಾರಿ ಇದ್ದವು. ಒಂದು, ಹೊಸ ಹೆಸರಿನಲ್ಲಿ ಮತ್ತೆ ಪರೀಕ್ಷೆ ಕಟ್ಟುವುದು. ಅದು ಮುಗಿಯುವಷ್ಟರಲ್ಲಿ ಆ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ. ಇನ್ನೊಂದು, ಹೆಸರು ಬದಲಾಯಿಸಿದ ಮನೆಯ ಹಿರಿಯರೇ ಆ ಕಚೇರಿಯ ಸಾಹೇಬರ ಎದುರು ಬಂದು, ಆ ಹುಡುಗಿಯೇ ಈ ಹೆಂಗಸು ಎಂದು ಬಾಯಿಬಿಟ್ಟು ಹೇಳುವುದು.

"ತವರಿನವರು ಹೇಳಿದ್ರೆ ಸಾಲದಂತೆ. ನಿಮ್ಮ ಅತ್ತೆ ಬರಬೇಕು," ಎಂದರು.

ಅತ್ತೆ! ಕ್ವಾರ್ಟರ್ಸು ಬಿಟ್ಟರೆ ಭದ್ರೆಯ ದಂಡೆಯ ದೇವಸ್ಥಾನ, ಅದು ಬಿಟ್ಟರೆ ವಾರದ ಸಂತೆ, ಇಷ್ಟೇ ಅವರ ಓಡಾಟ. ಊರಿಗೆ ಭದ್ರಾವತಿ ಎಂದು ಹೆಸರಾಗಿ ಎಷ್ಟೋ ವರ್ಷವಾಗಿದ್ದರೂ ಅವರ ಬಾಯಲ್ಲಿ ಅದು ಇನ್ನೂ ಬೆಂಕೀಪುರವೇ. ಅಂಥವರು ಕಚೇರಿಗೆ ಬಂದು ಪರಗಂಡಸರ ಎದುರು ನಿಂತು, ತಮ್ಮದೂ ಆಗಿರುವ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ನನಗೆ ಧೈರ್ಯ ಬರಲಿಲ್ಲ. ಗಂಡನೇ ಊಟಕ್ಕೆ ಕೂತಾಗ ವಿಷಯ ತಿಳಿಸಿದರು. ಅತ್ತೆ ಅನ್ನ ಬಡಿಸುವುದನ್ನು ನಿಲ್ಲಿಸಲಿಲ್ಲ.

ಮೂರು ದಿನ ಮನೆಯಲ್ಲಿ ಆ ಮಾತೇ ಇಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ಬಂದು ಎದುರಿಗೆ ಕೂತರು.

"ಆ ಕಾಗದ ತಗೊಂಬಾ."

ತಂದುಕೊಟ್ಟೆ. ಅವರಿಗೆ ಓದು ಬರುತ್ತಿರಲಿಲ್ಲ.

"ನಿನ್ನ ಹೆಸರು ಎಲ್ಲೈತೆ, ತೋರ್ಸು."

ಬೆರಳಿಟ್ಟು ತೋರಿಸಿದೆ. ಅವರೂ ಅದರ ಮೇಲೆ ಬೆರಳಾಡಿಸಿದರು, ಮಗುವಿನ ಹಣೆ ಸವರುವ ಹಾಗೆ.

"ಚಂದ ಬರ್ದಿದಾರೆ. ಪರೀಕ್ಷೇಲಿ ಎಷ್ಟನೆಯೋಳು ನೀನು?"

"ನಮ್ಮ ಶಾಲೆಗೆ ಮೊದಲನೆಯೋಳು."

"ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದ್ಸಲಾನೂ ಹೇಳ್ಲಿಲ್ಲವಲ್ಲ," ಎಂದರು. ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ನನಗೆ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ನಾನೇಳುವಷ್ಟರಲ್ಲಿ ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ಮಗನಿಗೆ ಹೇಳಿದರು: "ಇವತ್ತು ರಜಾ ಹಾಕು. ರೈಲಿಗೆ ಹೊತ್ತಾಯ್ತು."

ಕಚೇರಿಯಲ್ಲಿ ಸಾಹೇಬರು ವಯಸ್ಸಾದವರು, ಜರಿಪೇಟ, ಮೂಗಿನ ತುದಿಯಲ್ಲಿ ಕನ್ನಡಕ. ಪಕ್ಕದಲ್ಲಿ ಒಬ್ಬ ಗುಮಾಸ್ತ ಬರೆದುಕೊಳ್ಳಲು ಸಿದ್ಧನಾಗಿ ಕೂತಿದ್ದ. ಅತ್ತೆಗೆ ಕುರ್ಚಿ ಕೊಟ್ಟರು. ಅವರು ಕೂರಲಿಲ್ಲ.

"ಅಮ್ಮ, ಇವರು ನಿಮ್ಮ ಸೊಸೇನಾ?"

"ಹೌದು ಸ್ವಾಮಿ. ಒಬ್ಬನೇ ಮಗ, ಒಬ್ಬಳೇ ಸೊಸೆ."

"ನಿಮ್ಮ ಯಜಮಾನರ ಹೆಸರು?"

ಅತ್ತೆ ಮಗನ ಕಡೆ ನೋಡಿದರು. ನನ್ನ ಗಂಡ ಹೇಳಿದರು, ಗುಮಾಸ್ತ ಬರೆದುಕೊಂಡ.

"ತವರುಮನೇಲಿ ಇವರಿಗಿದ್ದ ಹೆಸರೇನು?"

ಮೇಜಿನ ಮೇಲಿನ ಸರ್ಟಿಫಿಕೇಟಿನ ಮೇಲೆ ಅತ್ತೆಯ ಕಣ್ಣಿತ್ತು. ಸಾಹೇಬರು ಮತ್ತೊಮ್ಮೆ ಕೇಳಿದರು. "ಗೊತ್ತಿಲ್ವಾ?"

"ಗೊತ್ತು."

"ಮತ್ತೆ ಹೇಳಿ."

"ಬಾಯಿಗೆ ಬರ್ತಿಲ್ಲ. ಅದು ನಂಗೂ ಇಟ್ಟಿರೋ ಹೆಸರು."

ಗುಮಾಸ್ತ ನಗು ತಡೆದುಕೊಂಡ. ಸಾಹೇಬರು ತಾಳ್ಮೆಯಿಂದಲೇ ಹೇಳಿದರು: "ಅಂದ್ರೆ ನಿಮ್ಮ ಹೆಸರೂ ಇದೇ. ಅತ್ತೆ ಸೊಸೆಗೆ ಒಂದೇ ಹೆಸರು ಬೇಡ ಅಂತ ಇವರದನ್ನ ಬದಲಾಯಿಸಿದ್ರಿ. ಹೀಗೆ ಬರ್ಕೊಳ್ಳಲಾ?"

"ಬರ್ಕೋಬೇಡಿ ಸ್ವಾಮಿ. ನನ್ನ ಹೆಸರು ಅದಲ್ಲ."

ನನ್ನ ಗಂಡ ತಾಯಿಯ ಮುಖವನ್ನೇ ನೋಡತೊಡಗಿದರು. ಅತ್ತೆ ಸೆರಗು ಎಳೆದುಕೊಂಡು, ಯಾರ ಕಡೆಗೂ ನೋಡದೆ, ನಿಧಾನವಾಗಿ ಹೇಳತೊಡಗಿದರು.

"ನಂಗೆ ಒಂಬತ್ತು ವರ್ಷಕ್ಕೆ ಮದುವೆ ಮಾಡಿದ್ರು. ಅಪ್ಪ ಅಮ್ಮ ಇರ್ಲಿಲ್ಲ, ಸೋದರಮಾವ ಧಾರೆ ಎರೆದು ಕೊಟ್ರು. ನಾ ಬಂದ ಮನೇಲಿ ದೊಡ್ಡ ಸೊಸೆ ಒಬ್ಬರಿದ್ರು, ನಂದೂ ಅವರದೂ ಒಂದೇ ಹೆಸರು. ಚಿಕ್ಕೋಳು ನಾನಲ್ವಾ, ನಂದೇ ತೆಗೆದ್ರು. ಬೇರೆ ಇಟ್ರು. ಆಮೇಲೆ ತವರಿಂದ ಕರೆಯೋಕೆ ಯಾರೂ ಬರ್ಲಿಲ್ಲ. ನಮ್ಮಪ್ಪ ಇಟ್ಟ ಹೆಸರು ನಲವತ್ತು ವರ್ಷದಿಂದ ಯಾರ ಬಾಯಲ್ಲೂ ಬಂದಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದ ಇವನಿಗೂ ಗೊತ್ತಿಲ್ಲ."

ಆಮೇಲೆ ಅವರ ದನಿ ಏರಿತು.

"ಯಾರೋ ಇಟ್ಟ ಹೆಸರನ್ನ ನಂದು ಅಂತ ಹಿಡ್ಕೊಂಡು, ಈ ಮಗು ಹೆಸರು ಕಿತ್ಕೊಂಡೆನಲ್ಲ ಸ್ವಾಮಿ. ಕಾಗದದಲ್ಲಿರೋ ಹುಡುಗಿ ಇವಳೇ. ಶಾಲೆಗೇ ಮೊದಲನೆಯೋಳಾಗಿ ಪಾಸಾದೋಳು ಇವಳೇ. ಹೆಸರೂ ಇವಳದೇ."

ಮತ್ತು ಆ ಹೆಸರನ್ನು ಹೇಳಿದರು. ಮೂರಕ್ಷರ, ಒಂದೊಂದನ್ನೂ ಬಿಡಿಬಿಡಿಯಾಗಿ, ತಪ್ಪಿಲ್ಲದೆ. ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಗುಮಾಸ್ತ ಬರೆಯುವುದನ್ನು ಬಿಟ್ಟು ಎದ್ದು ನಿಂತಿದ್ದ. ಯಾಕೆ ನಿಂತನೋ ಅವನಿಗೂ ಗೊತ್ತಿರಲಿಲ್ಲವೇನೋ.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರಿ ತಾಯಿ. ಸರ್ಟಿಫಿಕೇಟಿನಲ್ಲಿ ಇರೋ ಹೆಸರಲ್ಲೇ ಇವರ ನೌಕರಿ. ಮುಂದಿನ ಅಕ್ಷರ ಯಾವುದು ಹಾಕೋಣ? ತಂದೆದೋ, ಯಜಮಾನರದೋ?"

ಈ ಪ್ರಶ್ನೆ ಅವರು ಕೇಳಿದ್ದು ನನ್ನ ಗಂಡನನ್ನು. ಅವರು ನನ್ನ ಕಡೆ ತಿರುಗಿದರು. "ಓದಿಸಿದ್ದು ನಿಮ್ಮಪ್ಪ. ಅವರದೇ ಇರ್ಲಿ ಅಲ್ವಾ?" ನಾನು ತಲೆಯಾಡಿಸಿದೆ.

ಹೇಳಿಕೆಯ ಕೆಳಗೆ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಿತ್ತು. ಗುಮಾಸ್ತ ಶಾಯಿಯ ಡಬ್ಬಿ ಮುಂದಿಟ್ಟು, ಪಕ್ಕದಲ್ಲಿ ಹೆಸರು ಬರೆಯಲು ಲೇಖನಿ ಎತ್ತಿ, ಈ ಸಲ ಬಹಳ ಮರ್ಯಾದೆಯಿಂದ ಕೇಳಿದ: "ಅಮ್ಮಾವ್ರೆ, ನಿಮ್ಮ ಹೆಸರು?"

ಅತ್ತೆ ಹೇಳಿದರು. ಅಪ್ಪ ಇಟ್ಟದ್ದನ್ನು. ಅದೊಂದು ಹೂವಿನ ಹೆಸರು. ನನ್ನ ಗಂಡ ಅದನ್ನು ತಮ್ಮೊಳಗೇ ಎರಡು ಸಲ ಹೇಳಿಕೊಂಡರು, ತುಟಿ ಅಲುಗಾಡಿದ್ದು ಕಾಣಿಸಿತು.

ಕಚೇರಿಯ ಮೆಟ್ಟಿಲಿಳಿದು ಬೀದಿಗೆ ಬಂದಾಗ ಮಧ್ಯಾಹ್ನದ ಬಿಸಿಲು. ರೈಲು ಸಂಜೆಗೆ. ಅಪ್ಪನ ಮನೆಗೆ ಹೋಗಿ ಊಟ ಮಾಡೋಣ ಎಂದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ.

"ಆಯನೂರಿಗೆ ಮೋಟಾರು ಎಲ್ಲಿ ಹತ್ತಬೇಕೋ?" ಎಂದು ಮಗನನ್ನು ಕೇಳಿದರು.

ಆಯನೂರು ಅವರು ಹುಟ್ಟಿದ ಊರು ಎಂದು ನನಗೆ ಗೊತ್ತಾದದ್ದೇ ಆಗ. ಸಾಗರದ ದಾರಿಯ ಮೋಟಾರು ಹತ್ತಿದೆವು. ದಾರಿಯುದ್ದಕ್ಕೂ ಅವರು ಕಿಟಕಿಯಿಂದ ಹೊರಗೆ ನೋಡುತ್ತ, ಇಲ್ಲೊಂದು ಕಟ್ಟೆ ಇತ್ತು, ಇಲ್ಲಿ ಹುಣಸೆ ತೋಪಿತ್ತು ಎನ್ನುತ್ತಿದ್ದರು. ಅವರ ಸೋದರಮಾವನ ಮನೆ ಇದ್ದ ಜಾಗದಲ್ಲಿ ಯಾರದೋ ಹೊಸ ಮನೆ ಎದ್ದಿತ್ತು. ಎರಡು ಬಾಗಿಲು ದಾಟಿ ಒಂದು ಹಂಚಿನ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಮೊರದಲ್ಲಿ ಅವರೆಕಾಳು ಕೇರುತ್ತಿದ್ದಳು. ಅತ್ತೆ ಅವಳ ಎದುರು ಹೋಗಿ ನಿಂತರು.

"ಯಾರವ್ವ? ಯಾರ ಮನೆಗೆ ಬಂದ್ರಿ?" ಮುದುಕಿ ಕಣ್ಣಿಗೆ ಕೈ ಮರೆಮಾಡಿ ನೋಡಿದಳು.

ಅತ್ತೆ ನಗುತ್ತ ನಿಂತರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮುಂದಿನ ಹಲ್ಲೊಂದು ಸೊಟ್ಟಗಿತ್ತು. ಮುದುಕಿ ಆ ಹಲ್ಲನ್ನೇ ನೋಡಿದಳು. ಮೊರ ಕೈಯಿಂದ ಜಾರಿತು.

ಹೂವಿನ ಹೆಸರನ್ನು ಅರ್ಧ ತುಂಡು ಮಾಡಿ, ಕೊನೆಗೊಂದು 'ಯೇ' ಸೇರಿಸಿ, ಹುಡುಗಿಯರು ಬೀದಿಯಲ್ಲಿ ಕೂಗುವ ಹಾಗೆ ಅವಳು ಕೂಗಿದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಜಗಲಿಯಲ್ಲಿ ಕುಸಿದು ಕೂತರು. ನಲವತ್ತು ವರ್ಷದ ಮಾತನ್ನು ಒಂದು ಮಧ್ಯಾಹ್ನದಲ್ಲಿ ಆಡಿ ಮುಗಿಸುವವರ ಹಾಗೆ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಮಾತಾಡಿದರು. ಚೆಲ್ಲಿದ ಕಾಳನ್ನು ನಾನೂ ನನ್ನ ಗಂಡನೂ ಆರಿಸಿ ಮೊರಕ್ಕೆ ತುಂಬಿದೆವು. ಸಂಜೆಯ ರೈಲು ತಪ್ಪಿತು. ಯಾರಿಗೂ ಬೇಸರವಾಗಲಿಲ್ಲ.

ಸುದ್ದಿ ತಿಳಿದು ಮುಂದಿನ ವಾರವೇ ಸೋದರತ್ತೆ ಬಂದಿಳಿದರು. ಕಾಲು ತೊಳೆಯುವ ಮೊದಲೇ ಜಗಳ ಶುರು ಮಾಡಿದರು.

"ಇದೇನು ಅನಾಚಾರ! ಮತ್ತೆ ಇಬ್ಬರದೂ ಒಂದೇ ಹೆಸರಾಯ್ತಲ್ಲ!"

"ಒಂದೇ ಎಲ್ಲಿ?" ಅತ್ತೆ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಅದು ಅವಳದು. ನಂದು ಬೇರೆ ಐತೆ. ನಿಂಗೂ ಒಂದು ಇತ್ತಲ್ಲ ಮಾರಾಯ್ತಿ, ಜ್ಞಾಪಕ ಐತಾ?"

ಸೋದರತ್ತೆ ಕಾಲು ತೊಳೆಯಲು ಹಿತ್ತಲಿಗೆ ಹೋದರು. ಊಟಕ್ಕೆ ಕೂತಾಗ, ಸಾರು ಬಡಿಸಿದ ಮೇಲೆ, ಯಾರನ್ನೂ ನೋಡದೆ ತಮ್ಮ ತವರಿನ ಹೆಸರನ್ನು ಮೆಲ್ಲಗೆ ಹೇಳಿದರು. ನಾವು ಯಾರೂ ನಗಲಿಲ್ಲ. ಆಮೇಲೆ ಅವರೇ ನಕ್ಕರು.

ನಾನು ಶಾಲೆಗೆ ಹೋದ ಮೊದಲ ದಿನ ಹಾಜರಿ ಪುಸ್ತಕವನ್ನು ಹೊಸದಾಗಿ ಬರೆದೆ. ಹಳೆಯದರಲ್ಲಿ ಹುಡುಗಿಯರ ಹೆಸರುಗಳನ್ನು ಬರೆದವರು ಯಾರೋ ತಮಗೆ ತಿಳಿದ ಹಾಗೆ ತಿದ್ದಿಬಿಟ್ಟಿದ್ದರು. ತೆಲುಗು ಹುಡುಗಿಯ ಮನೆ ಹೆಸರನ್ನು ಅವಳ ಹೆಸರೆಂದು ತಿಳಿದು ಅದನ್ನೇ ಕೂಗುತ್ತಿದ್ದರು. ಅವಳು ಒಂದು ವರ್ಷದಿಂದ ಅದಕ್ಕೇ ಓ ಎನ್ನುತ್ತಿದ್ದಳು. ಸಾಬರ ಹುಡುಗಿಯೊಬ್ಬಳ ಹೆಸರಿಗೆ ಕನ್ನಡದ ಬಾಲ ಅಂಟಿಸಿದ್ದರು. ಒಬ್ಬೊಬ್ಬಳನ್ನೂ ಹತ್ತಿರ ಕರೆದು ಕೇಳಿದೆ: "ಮನೇಲಿ ನಿನ್ನ ಹೆಂಗೆ ಕರೀತಾರೆ? ನಿಂಗೆ ಹೆಂಗೆ ಇಷ್ಟ?" ಅವರು ಹೇಳಿದ ಹಾಗೇ ಬರೆದೆ. ಮುಂದೆ ಬರುವುದು ಮುಂದೆ, ಹಿಂದೆ ಬರುವುದು ಹಿಂದೆ. ಸರಿಯಾಗಿ ಉಚ್ಚರಿಸುವವರೆಗೆ ಅವರಿಂದಲೇ ಪಾಠ ಹೇಳಿಸಿಕೊಂಡೆ. ನಾನು ತಪ್ಪು ಹೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ ತಿದ್ದುತ್ತಿತ್ತು.

ಹೆಡ್‌ಮಿಸ್ಟ್ರೆಸ್ಸಿಗೆ ಮೊದಲು ಇದು ಹುಚ್ಚು ಎನ್ನಿಸಿತ್ತು. ಒಂದು ದಿನ ನನ್ನ ತರಗತಿಯ ಬಾಗಿಲಲ್ಲಿ ನಿಂತು ಹಾಜರಿ ಕೇಳಿದರು. ಹೋಗುವಾಗ, "ನನ್ನ ಪುಸ್ತಕಾನೂ ಹೀಗೇ ಬರೆದುಕೊಡಿ," ಎಂದರು.

ನಾಲ್ಕು ವರ್ಷಕ್ಕೆ ನಮ್ಮ ಶಾಲೆಯಿಂದ ಒಂಬತ್ತು ಹುಡುಗಿಯರು ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂತರು. ಯುದ್ಧದ ಕಾಲ, ಸೀಮೆಎಣ್ಣೆಯೂ ಸರಿಯಾಗಿ ಸಿಗುತ್ತಿರಲಿಲ್ಲ. ಹಗಲೆಲ್ಲ ಶಾಲೆಯ ಅಂಗಳದ ಬೇವಿನ ಮರದಡಿ ಕೂರಿಸಿ ಓದಿಸಿದೆ. ಫಲಿತಾಂಶ ಬಂದ ದಿನ ಹೆಡ್‌ಮಿಸ್ಟ್ರೆಸ್ಸು ಅಂಗಳದಲ್ಲಿ ಬೆಂಚಿನ ಮೇಲೆ ಹತ್ತಿ ನಿಂತರು. ಗೇಟಿನ ಹೊರಗೆ ತಾಯಂದಿರು. ಕೆಲವರು ನಲ್ಲಿಯಿಂದ ನೇರವಾಗಿ ಕೊಡದ ಸಮೇತ ಬಂದಿದ್ದರು. ನಮ್ಮ ಅತ್ತೆ ಎಲ್ಲರಿಗಿಂತ ಮುಂದೆ, ಗೇಟಿನ ಸರಳು ಹಿಡಿದು ನಿಂತಿದ್ದರು.

ಹೆಡ್‌ಮಿಸ್ಟ್ರೆಸ್ಸು ಪ್ರತಿಯೊಂದು ಹೆಸರನ್ನೂ ಪೂರ್ತಿ ಓದಿದರು. ತಮಿಳಮ್ಮನ ಹಿರಿಯ ಮಗಳ ಹೆಸರು ಬಂದಾಗ ಆಕೆ ಗೇಟಿನಾಚೆಯಿಂದಲೇ ಕೂಗಿಕೊಂಡಳು. ತೆಲುಗು ಹುಡುಗಿಯ ಮನೆ ಹೆಸರು ಎಷ್ಟು ಉದ್ದವಿತ್ತೆಂದರೆ ಓದುವಾಗ ಮಧ್ಯೆ ಉಸಿರು ತೆಗೆದುಕೊಳ್ಳಬೇಕಾಯಿತು. ಮಕ್ಕಳೆಲ್ಲ ಹೋ ಎಂದರು. ಸಾಬರ ಹುಡುಗಿಯ ಹೆಸರಿನಲ್ಲಿ ಒಂದಕ್ಷರವೂ ತಪ್ಪಲಿಲ್ಲ. ಒಂಬತ್ತು ಹೆಸರ ಮುಂದೆಯೂ ಪಾಸ್, ಪಾಸ್ ಎಂದು ಓದಿ ಮುಗಿಸಿ, ಆ ಗಂಭೀರ ಹೆಂಗಸು ತಮ್ಮ ಕೊಡೆಯನ್ನು ಆಕಾಶಕ್ಕೆ ಎತ್ತಿ ಬೀಸಿದರು.

ತಾಯಂದಿರು ಗೇಟು ತೆಗೆಯುವವರೆಗೆ ಕಾಯಲಿಲ್ಲ, ನೂಕಿಕೊಂಡೇ ಒಳಗೆ ನುಗ್ಗಿದರು. ತಂತಮ್ಮ ಮಕ್ಕಳ ಹೆಸರು ಹಿಡಿದು ಕೂಗುತ್ತ, ಅಪ್ಪಿಕೊಳ್ಳುತ್ತ, ದೃಷ್ಟಿ ಹೋಗಲೆಂದು ನೆಟಿಗೆ ಮುರಿಯುತ್ತ ಅಂಗಳವನ್ನೇ ಸಂತೆ ಮಾಡಿದರು. ಆ ಗದ್ದಲದಲ್ಲಿ ಕಾರ್ಖಾನೆಯ ಕೂಗು ಆದದ್ದೂ ಯಾರಿಗೂ ಕೇಳಿಸಲಿಲ್ಲ. ಸಂಜೆ ಒಂಬತ್ತು ಮನೆಯಲ್ಲೂ ಪಾಯಸ. ಒಂಬತ್ತು ಮನೆಯಿಂದಲೂ ನನಗೊಂದು ಬಟ್ಟಲು ಬಂತು. ಒಂದರಲ್ಲಿ ಶ್ಯಾವಿಗೆ, ಒಂದರಲ್ಲಿ ಹೆಸರುಬೇಳೆ, ಒಂದರಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ. ಒಂದನ್ನೂ ಬಿಡದೆ ಎಲ್ಲವನ್ನೂ ತಿಂದೆ.